ಕಡಜದ ವೇಷದ ಪತಂಗ: ಗಂಧದ ಗಿಡದಲ್ಲಿ ಕಂಡದ್ದು

ಶ್ರೀರಂಗಪಟ್ಟಣದ ಹತ್ತಿರ ನಮ್ಮ ಜಮೀನಿನಲ್ಲಿ ಶ್ರೀಗಂಧ ಹಾಕಿದ್ದೇನೆ, ಜೊತೆಗೆ ಆಸರೆ ಗಿಡವಾಗಿ ತೊಗರಿ; ಗಂಧದ ಬೇರು ಆಸರೆ ಗಿಡದ ಬೇರಿನಿಂದಲೂ ಸಾರ ಹೀರುತ್ತದೆ. 2001ರ ಕಾನೂನು ತಿದ್ದುಪಡಿಯಿಂದ ಗಂಧದ ಮರ ಜಮೀನಿನವರದೇ ಆಯಿತು; ಆಮೇಲೆ ನಮ್ಮಂಥ ರೈತರೂ ಧೈರ್ಯವಾಗಿ ನೆಡುತ್ತಿದ್ದೇವೆ. ಎಳೆಯ ಗಿಡದ ಎಲೆ ಮುಕ್ಕುವ ಹುಳಗಳಲ್ಲಿ ಅಮಾಟ ಪಸ್ಸಾಲಿಸ್ ಎಂಬ ಪತಂಗದ ಕಂಬಳಿಹುಳವೂ ಒಂದು.

ಈ ಪತಂಗ ರಾತ್ರಿ ದೀಪಕ್ಕೆ ಕಾಯುವುದಿಲ್ಲ, ಹಾಡಹಗಲೇ ನಿಧಾನವಾಗಿ ಹಾರಾಡುತ್ತದೆ. ಕಪ್ಪು ರೆಕ್ಕೆಯಲ್ಲಿ ಗಾಜಿನ ಕಿಟಕಿಯಂಥ ಮಚ್ಚೆಗಳು, ಕಪ್ಪು ಹೊಟ್ಟೆಯ ಸುತ್ತ ಹಳದಿ ಪಟ್ಟೆ. ನಾನು ಕೈ ಚಾಚಿದರೆ ಕಳೆ ಕೀಳುವ ಹೆಂಗಸರು ಕೂಗುತ್ತಿದ್ದರು: "ಮುಟ್ಬ್ಯಾಡಿ ಕಣಣ್ಣ, ಕಡಜ ಅದು!" ಹಕ್ಕಿಗಳಿಗೂ ಅದೇ ಹೆದರಿಕೆ ಹುಟ್ಟಲೆಂದೇ ಈ ವೇಷ. ನಿರುಪದ್ರವಿ ಜೀವಿ ಅಪಾಯದ ಜೀವಿಯಂತೆ ಕಾಣುವ ಈ ತಂತ್ರವನ್ನು ಇಂಗ್ಲೆಂಡಿನ ಜೀವಿ ವಿಜ್ಞಾನಿ ಹೆನ್ರಿ ಬೇಟ್ಸ್ 1862ರಲ್ಲೇ ವಿವರಿಸಿದ್ದರು.

ಹತ್ತಿರದಿಂದ ನೋಡಿದರೆ ಗುಟ್ಟು ಬಯಲಾಗುತ್ತದೆ. ಕಡಜಕ್ಕೆ ಸೊಂಟ ಸಣ್ಣ, ಇದಕ್ಕೆ ಸೊಂಟವೇ ಇಲ್ಲ. ಕಡಜ ಕೂತಾಗ ರೆಕ್ಕೆಯನ್ನು ಉದ್ದಕ್ಕೆ ಮಡಚುತ್ತದೆ, ಇದು ಎರಡೂ ಕಡೆ ಚಾಚಿಕೊಂಡಿರುತ್ತದೆ. ಕಚ್ಚುವ ದವಡೆಯ ಬದಲು ಸುರುಳಿ ಸುತ್ತಿದ ಹೀರುನಳಿಗೆ. ಬೆರಳಿಗೆ ತಾಗಿದರೆ ಕಪ್ಪು ಪುಡಿ ಅಂಟುತ್ತದೆ. ಕೊಂಡಿಯಂತೂ ಇಲ್ಲವೇ ಇಲ್ಲ.

ಖಚಿತ ಮಾಡಿಕೊಳ್ಳಲು ಗಂಧದ ಎಲೆ ತಿನ್ನುತ್ತಿದ್ದ ಕಂಬಳಿಹುಳಗಳನ್ನು ಮನೆಗೆ ತಂದು ಸಾಕಿದೆ. ಅಗಲ ಬಾಯಿಯ ಡಬ್ಬಿ, ಬಾಯಿಗೆ ಸೊಳ್ಳೆ ಪರದೆ ಬಟ್ಟೆ, ತಳಕ್ಕೆ ಕಾಗದ. ದಿನಾ ಹೊಸ ಎಲೆ ಹಾಕಿ ಹಿಕ್ಕೆ ತೆಗೆಯಬೇಕು. ತೇವ ನಿಂತರೆ ಬೂಷ್ಟು ಹಿಡಿದು ಹುಳ ಸಾಯುತ್ತದೆ. ತಿನ್ನುವುದು ನಿಲ್ಲಿಸಿದ ಮೇಲೆ ಅವು ತಮ್ಮದೇ ರೋಮ ಸೇರಿಸಿ ತೆಳ್ಳನೆಯ ಗೂಡು ಕಟ್ಟಿದವು, ಒಳಗಿನ ಕೋಶ ಹೊರಗೇ ಕಾಣುವಷ್ಟು ತೆಳು. ಪತಂಗ ಹೊರಬಂದಾಗ ರೆಕ್ಕೆ ಮುದುರಿತ್ತು. ಕಡ್ಡಿಗೆ ಜೋತುಬಿದ್ದು ಅದನ್ನು ಬಿಡಿಸುತ್ತಾ ಹೋದ ಹಾಗೆ ಆ ಪಾರದರ್ಶಕ ಮಚ್ಚೆಗಳೂ ಅಗಲವಾದವು. ಮನೆಯವರನ್ನೆಲ್ಲ ಕರೆದು ತೋರಿಸಿದೆ, ಅಷ್ಟು ಚೆಂದ.

ಇದಕ್ಕೆಂದು ನಾನು ತೋಟಕ್ಕೆಲ್ಲ ಔಷಧಿ ಹೊಡೆಯುವುದಿಲ್ಲ. ನಿಜವಾದ ಕಡಜಗಳು ಕಂಬಳಿಹುಳಗಳನ್ನೇ ಬೇಟೆಯಾಡುತ್ತವೆ. ಔಷಧಿ ಹೊಡೆದರೆ ಆ ಕಡಜಗಳೂ ಸಾಯುತ್ತವೆ. ಎಲೆಯಡಿ ಗುಂಪಾಗಿ ಇಟ್ಟ ಮೊಟ್ಟೆ ಕಂಡರೆ ಆ ಎಲೆಯನ್ನೇ ಕಿತ್ತುಬಿಡುತ್ತೇನೆ. ಮರಿಹುಳಗಳು ಚದುರುವ ಮುಂಚೆ ಸೋಪು ನೀರಿನ ಬಕೆಟ್ಟಿಗೆ ಉದುರಿಸುತ್ತೇನೆ. ಅಲಸಂದೆಯನ್ನೂ ಈ ಹುಳ ಬಿಡುವುದಿಲ್ಲ, ಹಾಗಾಗಿ ಸಾಲಿನ ನಡುವೆ ಅದನ್ನು ಹಾಕಿದ ವರ್ಷ ಅದರ ಎಲೆಯಡಿಯೂ ನೋಡುತ್ತೇನೆ.