ಫ್ರಾನ್ಸಿನ ಹಳೆಯ ಬ್ಯಾರಕ್ಕಿನ ಚರಿತ್ರೆ ಹುಡುಕುವ ಬಗೆ

ಹೆಬ್ಬಾಗಿಲ ಮೇಲಿನ ಹೆಸರನ್ನೇ ನಂಬಿ ಹೊರಟರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ಅನೇಕ ಬ್ಯಾರಕ್ಕುಗಳಿಗೆ ಸೇನಾನಾಯಕರ ಹೆಸರು ಅಂಟಿಕೊಂಡದ್ದು ಜನರಲ್ ಬೂಲಾಂಜೆ ಯುದ್ಧಮಂತ್ರಿಯಾಗಿದ್ದ 1886–87ರಲ್ಲಿ. ಕಟ್ಟಡ ಅದಕ್ಕಿಂತ ಎಷ್ಟೋ ಹಳೆಯದಿರಬಹುದು. ಆದ್ದರಿಂದ ಬೀದಿಯ ಹೆಸರು, ಬಡಾವಣೆಯ ಹೆಸರು, ಆ ಜಾಗದಲ್ಲಿದ್ದ ಕ್ರೈಸ್ತ ಮಠದ ಹೆಸರು ಇವನ್ನೂ ಪಟ್ಟಿ ಮಾಡಿಟ್ಟುಕೊಳ್ಳಿ. ಕಾಲಾಳುಗಳ ವಸತಿಯನ್ನು ‘ಕಸೆರ್ನ್’ ಎಂದೂ ಕುದುರೆ ಪಡೆಯದನ್ನು ‘ಕಾರ್ತಿಯೆ’ ಎಂದೂ ಕರೆಯುವ ರೂಢಿ ಇತ್ತು. ಒಂದೇ ಪದ ಹಾಕಿ ಹುಡುಕಿದರೆ ಎಷ್ಟೋ ಕಡತಗಳು ಕಣ್ಣಿಗೇ ಬೀಳುವುದಿಲ್ಲ.

ಕಾಗದಕ್ಕೆ ಕೈಹಾಕುವ ಮೊದಲು ಕಟ್ಟಡವನ್ನು ಓದಿ. ನಡುವೆ ಕವಾಯತು ಮೈದಾನ, ಮೂರು ಬದಿಗೆ ಉದ್ದನೆಯ ಕಟ್ಟಡಗಳು, ನಾಲ್ಕನೆಯ ಬದಿಗೆ ಕಬ್ಬಿಣದ ಗೇಟು, ಅದರ ಅಕ್ಕಪಕ್ಕ ಎರಡು ಪುಟ್ಟ ಮನೆಗಳು ಕಂಡರೆ ಅದು 1874ರ ಮಾದರಿ ಇರಬಹುದು. 1872ರ ಕಾನೂನು ಸೈನಿಕ ಸೇವೆಯನ್ನು ವಿಸ್ತರಿಸಿತು, 1873ರದು ಸೇನೆಯನ್ನು ಪ್ರಾಂತವಾರು ಹಂಚಿತು. ಅಷ್ಟು ಜನರಿಗೆ ಜಾಗ ಬೇಕಾಗಿ ಒಂದೇ ನಕ್ಷೆಯಲ್ಲಿ ಊರೂರಿಗೆ ಕಟ್ಟಿದರು. ಕಮಾನು, ಮೊಗಸಾಲೆ, ಚರ್ಚಿನ ಗೋಡೆ ಕಂಡರೆ ಬೇರೆ ದಾರಿ ಹಿಡಿಯಬೇಕು. 1789ರ ನವೆಂಬರ್ 2ರಂದು ಚರ್ಚಿನ ಆಸ್ತಿ ರಾಷ್ಟ್ರದ್ದಾದ ಮೇಲೆ ಎಷ್ಟೋ ಮಠಗಳು ಬ್ಯಾರಕ್ಕುಗಳಾದವು. ಆವಿಞೋಂ ಊರಿನ ಪೋಪರ ಅರಮನೆಯೂ 1906ರವರೆಗೆ ಬ್ಯಾರಕ್ಕಾಗಿತ್ತು. ಎತ್ತರದ ಸಭಾಂಗಣಗಳಿಗೆ ನಡುವೆ ಅಟ್ಟ ಹಾಕಿ ಮಹಡಿ ಮಾಡಿದ್ದರು. ಭಿತ್ತಿಚಿತ್ರಗಳ ತಲೆಗಳನ್ನು ಸೈನಿಕರು ಕೆತ್ತಿ ಮಾರಿದರು. ಗೋಡೆಯಲ್ಲಿ ಸಾಲಾಗಿ ತೊಲೆಯ ತೂತುಗಳು ಕಂಡರೆ ಅಲ್ಲೊಂದು ಮಹಡಿ ಬಂದು ಹೋಗಿರಬಹುದು.

ಕಾಗದದ ಕೆಲಸವನ್ನು ಊರಿನಿಂದ ಶುರು ಮಾಡಿ, ಪ್ಯಾರಿಸಿನಿಂದಲ್ಲ. ಬ್ಯಾರಕ್ಕು ತಮ್ಮೂರಿಗೆ ಬರಲೆಂದು ಪುರಸಭೆಗಳು ಜಾಗ, ಹಣ ಎರಡನ್ನೂ ಕೊಟ್ಟಿದ್ದರಿಂದ ಚೌಕಾಸಿ, ಜಗಳ, ತಡವಾದ ಕಾರಣ ಎಲ್ಲವೂ ನಿರ್ಣಯ ಪುಸ್ತಕದಲ್ಲಿ ಸಿಗುತ್ತವೆ. ಪುರಸಭೆಯ ದಾಖಲೆಗಳಲ್ಲಿ ಡಿ ಸರಣಿ ನಿರ್ಣಯಗಳದು, ಎಚ್ ಸರಣಿ ಸೇನಾ ವ್ಯವಹಾರದ್ದು. ಆಮೇಲೆ ಜಿಲ್ಲಾ ಪತ್ರಾಗಾರಕ್ಕೆ ಹೋಗಿ: ಆರ್ ಸರಣಿಯಲ್ಲಿ ಸೇನೆ, 3 ಪಿಯಲ್ಲಿ ನೆಪೋಲಿಯನ್ ಕಾಲದ ಭೂನಕ್ಷೆ. ಭೂನಕ್ಷೆಯಲ್ಲಿ ಆ ಜಾಗ ಹೊಲವೇ ಮಠವೇ ಎಂದು ಕಂಡಕೂಡಲೇ ಅರ್ಧ ಗೊಂದಲ ತೀರುತ್ತದೆ. ಕೊನೆಗೆ ಪ್ಯಾರಿಸ್ ಪಕ್ಕದ ವೆನ್ಸೆನ್ ಕೋಟೆಯಲ್ಲಿರುವ ಸೇನಾ ಇತಿಹಾಸ ಪತ್ರಾಗಾರ; ಅಲ್ಲಿನ 1 ವಿಎಚ್ ಸರಣಿಯಲ್ಲಿ ಎಂಜಿನಿಯರ್ ದಳದ ನಕ್ಷೆ, ಅಂದಾಜುಪಟ್ಟಿಗಳಿವೆ. ಅಲ್ಲಿಗೆ ಹೋಗುವ ಮುನ್ನ ಓದುಗರಾಗಿ ನೋಂದಾಯಿಸಿ, ಕಡತವನ್ನು ಮುಂಚೆಯೇ ಕಾಯ್ದಿರಿಸಿ. ಹಾಗೇ ಹೋದರೆ ಬರಿಗೈಯಲ್ಲಿ ವಾಪಸಾಗಬೇಕಾದೀತು.

ಎರಡು ಕಡೆ ಹಲವರು ಎಡವುತ್ತಾರೆ. ಜನಗಣತಿಯಲ್ಲಿ ಬ್ಯಾರಕ್ಕಿನ ಸೈನಿಕರನ್ನು ಪ್ರತ್ಯೇಕವಾಗಿ ಎಣಿಸುತ್ತಿದ್ದರು, ಹಾಗಾಗಿ ಊರಿನ ಹೆಸರುಪಟ್ಟಿಯಲ್ಲಿ ಅವರಿಲ್ಲವೆಂದ ಮಾತ್ರಕ್ಕೆ ಬ್ಯಾರಕ್ಕು ಖಾಲಿಯಿತ್ತು ಎಂದು ಬರೆಯಬೇಡಿ. ಮೆತ್ಸ್, ಸ್ಟ್ರಾಸ್‌ಬರ್ಗ್ ಊರುಗಳು 1871ರಿಂದ 1918ರವರೆಗೆ ಜರ್ಮನಿಯ ಕೈಯಲ್ಲಿದ್ದವು. ಅಲ್ಲಿ ಆ ಕಾಲದ ಬ್ಯಾರಕ್ಕಾದರೆ ನಕ್ಷೆ ಜರ್ಮನ್ ಭಾಷೆಯಲ್ಲಿರುತ್ತದೆ, ಫ್ರೆಂಚ್ ಹೆಸರು ಆಮೇಲಿನದು. ಅಂಚೆ ಕಾರ್ಡು ಸಿಕ್ಕರೆ ಹಿಂಬದಿ ನೋಡಿ: ವಿಳಾಸ ಮತ್ತು ಒಕ್ಕಣೆಗೆ ನಡುವೆ ಗೆರೆಯಿದ್ದರೆ ಕಾರ್ಡು ಅಚ್ಚಾದದ್ದು 1903ರ ಕೊನೆಯ ನಂತರ.

ಈಗ ಒಂದು ಕಾಲಪಟ್ಟಿ ಮಾಡಿ. ಇಡೀ ಬ್ಯಾರಕ್ಕಿಗೆ ಒಂದೇ ಸಾಲು ಬೇಡ, ಪ್ರತಿ ಕಟ್ಟಡಕ್ಕೂ ಒಂದೊಂದು ಸಾಲು. ಖಾಲಿ ಉಳಿದ ವರ್ಷಗಳ ಮೇಲೆ ಬೆರಳಿಟ್ಟು ಹುಡುಕಿ, ಮುಖ್ಯವಾದದ್ದು ಅಲ್ಲೇ ಅಡಗಿರುತ್ತದೆ. ಕಾಂಪಿಯೆನ್ ಊರಿನ ರ್ವಾಯಲ್ಯೂ ಬ್ಯಾರಕ್ಕನ್ನು ತೆಗೆದುಕೊಳ್ಳಿ. ಕಟ್ಟಿದ್ದು 1913ರಲ್ಲಿ, ಸೇನೆ ಬಿಟ್ಟದ್ದು 1997ರಲ್ಲಿ. ಈ ಎರಡು ಇಸವಿ ಮಾತ್ರ ಬರೆದರೆ ಅದು ಸಾಮಾನ್ಯ ಸೇನಾ ವಸತಿ. ಆದರೆ ಜರ್ಮನರು 1941ರಿಂದ 1944ರವರೆಗೆ ಅದನ್ನು ಬಂಧನ ಶಿಬಿರವಾಗಿ ನಡೆಸಿದರು. ಎ, ಬಿ, ಸಿ ಎಂದು ಬೇಲಿ ಹಾಕಿ ವಿಂಗಡಿಸಿ, ಸಿ ಭಾಗದಲ್ಲಿ ಯಹೂದಿಯರನ್ನು ಇಟ್ಟರು. ಫ್ರಾನ್ಸಿನಿಂದ ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಸ್‌ಗೆ ಯಹೂದಿಯರನ್ನು ಒಯ್ದ ಮೊದಲ ರೈಲು 1942ರ ಮಾರ್ಚ್ 27ರಂದು ಪ್ಯಾರಿಸ್ ಬಳಿಯ ಡ್ರಾನ್ಸಿ ಬಂಧನ ಶಿಬಿರದವರ ಜೊತೆಗೆ ಇಲ್ಲಿಯವರನ್ನೂ ಹೊತ್ತುಕೊಂಡು ಹೋಯಿತು; ಅದರಲ್ಲಿದ್ದವರು 1,112 ಮಂದಿ. ಕವಿ ರೋಬೇರ್ ದೆಸ್ನೋಸ್ ಅವರನ್ನು 1944ರ ಏಪ್ರಿಲ್‌ನಲ್ಲಿ ನಾಜಿ ಶಿಬಿರಕ್ಕೆ ಒಯ್ದದ್ದೂ ಇಲ್ಲಿಂದಲೇ. ಉಳಿಸಿಕೊಂಡ ಮೂರು ಕಟ್ಟಡಗಳಲ್ಲಿ 2008ರಿಂದ ಸ್ಮಾರಕವಿದೆ. ಯಾವ ಕಟ್ಟಡ ಯಾವ ಭಾಗದ್ದು ಎಂದು ಬಿಡಿಬಿಡಿಯಾಗಿ ಗುರುತಿಸದಿದ್ದರೆ ಇಂಥ ಕಡೆ ಯಾರು ಎಲ್ಲಿ ಮಲಗಿದ್ದರು ಎಂಬುದೇ ತಿಳಿಯುವುದಿಲ್ಲ.

ಸೇನೆ ಬಿಟ್ಟ ನಂತರದ ಕತೆಗೆ ಪುರಸಭೆಯ ಕಟ್ಟಡ ಪರವಾನಗಿ ಕಡತಗಳು ಸಾಕು. ಕಡ್ಡಾಯ ಸೇವೆ ನಿಲ್ಲುವ ತೀರ್ಮಾನ 1996ರಲ್ಲಿ ಬಂದು ಬ್ಯಾರಕ್ಕುಗಳು ಒಂದೊಂದಾಗಿ ಖಾಲಿಯಾದವು. ಗ್ರೆನೋಬಲ್ ಊರಿನ ಬಾನ್ ಬ್ಯಾರಕ್ಕು 1994ರಲ್ಲೇ ಖಾಲಿಯಾಗಿ, ಮನೆ, ಅಂಗಡಿ, ಉದ್ಯಾನಗಳ ಬಡಾವಣೆಯಾಯಿತು. ಪರಿಸರಸ್ನೇಹಿ ಬಡಾವಣೆಗೆ ಕೊಡುವ ರಾಷ್ಟ್ರೀಯ ಬಹುಮಾನ 2009ರಲ್ಲಿ ಅದಕ್ಕೆ ಸಂದಿತು. ನಿಮ್ಮ ಬ್ಯಾರಕ್ಕಿನಲ್ಲಿ ದುರಸ್ತಿ ಶುರುವಾಗಲಿದ್ದರೆ ಬಣ್ಣ ಕೆರೆಯುವ ಮೊದಲೇ ಹೋಗಿ. ಬಾಗಿಲ ಮೇಲಿನ ಕಂಪನಿ (ಸೈನಿಕ ತುಕಡಿ) ಸಂಖ್ಯೆ, ಕುದುರೆ ಕಟ್ಟುತ್ತಿದ್ದ ಬಳೆ, ಗೋಡೆಯಲ್ಲಿ ಗೀಚಿದ ಹೆಸರು, ಇವುಗಳ ಪಕ್ಕದಲ್ಲಿ ಅಳತೆ ಪಟ್ಟಿಯಿಟ್ಟು ಓರೆ ಬೆಳಕಿನಲ್ಲಿ ಚಿತ್ರ ತೆಗೆದು, ಯಾವ ಕಟ್ಟಡ, ಯಾವ ಮಹಡಿ, ಯಾವ ಗೋಡೆ ಎಂದು ಅಲ್ಲೇ ಬರೆದುಕೊಳ್ಳಿ.