ಕೀಲು ತಪ್ಪಿರಲಿಲ್ಲ, ಮೂಳೆಯೇ ಕಳಚಿತ್ತು: ಎಳೆ ಮಗುವಿನ ಮೊಣಕೈ, ನನ್ನ ಅನುಭವ

ಹತ್ತು ತಿಂಗಳ ಮಗು. ಮಂಚದಿಂದ ಬಿದ್ದು ಮೊಣಕೈ ಊದಿತ್ತು. ಜೊತೆಗೆ ಬಂದ ಚೀಟಿಯಲ್ಲಿ ‘ಡಿಸ್‌ಲೊಕೇಶನ್’, ಅಂದರೆ ಕೀಲು ತಪ್ಪಿದೆ, ಅಂತ ಬರೆದಿತ್ತು. ಅದನ್ನು ಓದಿದ ಕೂಡಲೇ ನನ್ನ ಹಳೆಯ ಕೇಸ್ ನೆನಪಾಯಿತು.

ಏಳೆಂಟು ವರ್ಷದ ಹಿಂದೆ ಇಂಥದ್ದೇ ಎಕ್ಸ್‌ರೇ ನೋಡಿ ನಾನೂ ಕೀಲು ತಪ್ಪಿದೆ ಅಂದುಕೊಂಡಿದ್ದೆ. ಎಳೆದು ಕೂರಿಸಿ, ಸ್ಲ್ಯಾಬ್ (ಅರ್ಧ ಪ್ಲಾಸ್ಟರ್ ಕಟ್ಟು) ಹಾಕಿ ಕಳಿಸಿದೆ. ಹುಡುಗನಿಗೆ ಐದು ವರ್ಷವಾದಾಗ ತಾಯಿ ಕರೆತಂದು ಎರಡೂ ಕೈ ಚಾಚಿಸಿದರು. ಒಂದು ನೇರ, ಇನ್ನೊಂದು ಮೊಣಕೈಯಿಂದ ಒಳಕ್ಕೆ ಸೊಟ್ಟ. "ಯಾಕೆ ಹೀಗಾಯ್ತು ಸಾರ್?" ಅಂದರು. ಮೂಳೆ ಕೊಯ್ದು ನೇರ ಮಾಡಬೇಕಾಯಿತು. ನಾನು ಫೀಸ್ ಮುಟ್ಟಲಿಲ್ಲ. ಆದರೂ ಅವರಿಗೆ ಎಪ್ಪತ್ತು ಸಾವಿರದ ಹತ್ತಿರ ಖರ್ಚಾಯಿತು.

ಈ ವಯಸ್ಸಿನಲ್ಲಿ ನಿಜವಾದ ಡಿಸ್‌ಲೊಕೇಶನ್ ತೀರಾ ಅಪರೂಪ. ಹ್ಯೂಮರಸ್‌ನ (ತೋಳಿನ ಮೂಳೆಯ) ಕೆಳತುದಿ ಫೈಸಿಸ್‌ನಲ್ಲಿ, ಅಂದರೆ ಮೂಳೆ ಬೆಳೆಯುವ ಪದರದಲ್ಲಿ, ಇಡಿಯಾಗಿ ಕಳಚುವುದೇ ಜಾಸ್ತಿ. ಆ ತುದಿಯ ಹೊರಬದಿಯ ಗುಂಡು ಭಾಗ, ಕ್ಯಾಪಿಟೆಲಮ್, ಈ ವಯಸ್ಸಿನಲ್ಲಿ ಎಷ್ಟೋ ಸಲ ಇನ್ನೂ ಕಾರ್ಟಿಲೇಜ್ (ಮೃದ್ವಸ್ಥಿ) ಆಗಿರುತ್ತದೆ, ಎಕ್ಸ್‌ರೇಯಲ್ಲಿ ಸಿಗುವುದಿಲ್ಲ. ಈ ಮಗುವಿನ ಎಕ್ಸ್‌ರೇಯಲ್ಲಿ ಮುಂಗೈ ಹಿಂದಕ್ಕೂ ಒಳಕ್ಕೂ ಸರಿದಿತ್ತು. ಡಿಸ್‌ಲೊಕೇಶನ್ ಆಗಿದ್ದರೆ ಸಾಮಾನ್ಯವಾಗಿ ಹೊರಕ್ಕೆ ಹೋಗುತ್ತದೆ, ಅಲ್ವಾ?

ಎಂಆರ್‌ಐ ಅಂದರೆ ಏಳೆಂಟು ಸಾವಿರ, ಮೇಲೆ ಅರಿವಳಿಕೆ ಬೇರೆ. ಅಲ್ಟ್ರಾಸೌಂಡ್ ಸಾಕು ಅಂದೆ. "ಅದರಲ್ಲಿ ಮೂಳೆ ಏನ್ರೀ ಕಾಣುತ್ತೆ?" ಅಂದರು ಹಿರಿಯ ಡಾಕ್ಟರೊಬ್ಬರು. ನನಗೆ ಧೈರ್ಯವಿತ್ತು. ಮನೆಯಲ್ಲಿ ಕೋಳಿಕಾಲಿನ ತುದಿಯ ಕಾರ್ಟಿಲೇಜ್ ಬ್ಲೇಡಿನಿಂದ ಬಿಡಿಸಿ, ಅಷ್ಟಷ್ಟೇ ಸರಿಸಿ, ರೇಡಿಯಾಲಜಿ ಗೆಳೆಯನ ಹತ್ತಿರ ನೀರಿನ ಬೋಗುಣಿಯಲ್ಲಿಟ್ಟು ನೋಡಿದ್ದೆವು. ಎರಡು ಮಿಲಿಮೀಟರ್ ಸರಿದರೂ ಗೊತ್ತಾಗಿತ್ತು. ಮಗುವಿನಲ್ಲೂ ಹಾಗೇ ಆಯಿತು. ಮೊಣಕೈಯ ಹಿಂದಿನಿಂದ ಲೀನಿಯರ್ ಪ್ರೋಬ್ (ಅಲ್ಟ್ರಾಸೌಂಡಿನ ನೇರ ತುದಿಯ ಹಿಡಿಕೆ) ಇಟ್ಟರೆ ಕಪ್ಪಗಿನ ಕಾರ್ಟಿಲೇಜ್ ಟೊಪ್ಪಿ ಹ್ಯೂಮರಸ್ ಬಿಟ್ಟು ಮುಂಗೈ ಜೊತೆ ಹೋಗಿತ್ತು. ಅಳುವ ಮಗುವನ್ನು ತಾಯಿಯ ಮಡಿಲಲ್ಲಿ ಹೇಗೆ ಹಿಡಿದೆ ಅನ್ನೋದನ್ನು ಬರೆದು ತಿಳಿಸಲು ಆಗುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಇಂಥ ಮುರಿತ ಕಂಡರೆ ಯಾರಾದರೂ ಕೈ ತಿರುಚಿದರಾ ಅಂತಲೂ ನೋಡಲೇಬೇಕು. ಮಕ್ಕಳ ಡಾಕ್ಟರ್ ಮೈಯೆಲ್ಲ ನೋಡಿದರು. ಅಂಥದ್ದೇನೂ ಇರಲಿಲ್ಲ.

ಓಟಿಯಲ್ಲಿ ಅರ್ಧಕ್ಕರ್ಧ ಸಲೈನ್ ಬೆರೆಸಿದ, ಎಕ್ಸ್‌ರೇಯಲ್ಲಿ ಕಾಣುವ ಡೈ, ಸುಮಾರು ಒಂದು ಎಂಎಲ್, ಕೀಲಿಗೆ ಬಿಟ್ಟು ಸಿ-ಆರ್ಮ್‌ನಲ್ಲಿ (ಓಟಿಯ ಎಕ್ಸ್‌ರೇ ಯಂತ್ರದಲ್ಲಿ) ನೋಡುತ್ತಾ ಮೂಳೆ ಕೂರಿಸಿದೆ. ಮೊಣಕೈಯ ಹೊರಬದಿಯಿಂದ ಎರಡು ಕೆ-ವೈರ್ (ಮೂಳೆ ಹಿಡಿದಿಡುವ ತೆಳು ಕಂಬಿ). ಮೂರೂವರೆ ವಾರಕ್ಕೆ ತೆಗೆದೆ. ಒಟ್ಟು ಬಿಲ್ ಹದಿನೆಂಟು ಸಾವಿರದ ಆಸುಪಾಸು. ಈಗ ಎರಡು ವರ್ಷವಾಯಿತು, ಎರಡೂ ಕೈ ಒಂದೇ ಸಮ. ಅನುಮಾನಪಟ್ಟ ಹಿರಿಯರೇ ಈಗ ತಮ್ಮ ಕೇಸ್ ನನಗೆ ಕಳಿಸುತ್ತಾರೆ.

ಆಮೇಲೆ ಇನ್ನೂ ನಾಲ್ಕು ಬಂದವು. ಮೂರಕ್ಕೆ ವೈರ್ ಹಾಕಿದೆ. ಒಂದು ಮಗುವನ್ನು ಎರಡು ವಾರ ಕಟ್ಟು ಕಟ್ಟಿಸಿ ತಡವಾಗಿ ತಂದರು. ಕ್ಯಾಲಸ್ (ಮುರಿತ ಕೂಡುವಾಗ ಬರುವ ಹೊಸ ಮೂಳೆ) ಬಂದುಬಿಟ್ಟಿತ್ತು, ಎಳೆಯಲು ಹೋಗಲಿಲ್ಲ. ಆರು ತಿಂಗಳಿಗೊಮ್ಮೆ ಕರೆಸಿ ಕೈ ಅಳೆಯುತ್ತಿದ್ದೇನೆ.