‘ಆಯ್ತು ಸಾರ್’ ಅಂದಿರಿ, ಏನಾಯ್ತು?

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅವತ್ತು 20ನೇ ತಾರೀಖು, ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ಲೆಕ್ಕ ಒಪ್ಪಿಸುವ ರಿಟರ್ನ್, ಹಾಕುವ ಕೊನೆಯ ದಿನ. ಯಜಮಾನರು ಕಾರು ಹತ್ತುತ್ತಾ ‘ರಿಟರ್ನ್ ವಿಷಯ?’ ಅಂದರು. ‘ಆಯ್ತು ಸಾರ್’ ಅಂದೆ. ಸಂಜೆ ಹಾಕುತ್ತೇನೆ ಅನ್ನುವುದು ನನ್ನ ಅರ್ಥ. ಹಾಕಿ ಮುಗಿದಿದೆ ಅನ್ನುವುದು ಅವರ ಅರ್ಥ. ಸಂಜೆ ತೆರಿಗೆ ಕಟ್ಟಲು ಅವರ ಫೋನಿಗೆ ಬರುವ ಒಟಿಪಿ ಬೇಕಿತ್ತು. ಅವರು ಮದುವೆ ಮನೆಯಲ್ಲಿ ಫೋನ್ ಆಫ್ ಮಾಡಿ ಕೂತಿದ್ದರು. ರಿಟರ್ನ್ ಎರಡು ದಿನ ತಡವಾಯಿತು. ದಿನಕ್ಕೆ 50 ರೂಪಾಯಿ ಲೇಟ್ ಫೀ, ಜೊತೆಗೆ ಬಡ್ಡಿ. ದಂಡಕ್ಕಿಂತ ಬೈಗುಳವೇ ಜಾಸ್ತಿ ಬಿತ್ತು.

ಆಫೀಸಿನಲ್ಲಿ ಚೆನ್ನಾಗಿ ಮಾತಾಡುವುದು ಅಂದರೆ ಸರಾಗ ಇಂಗ್ಲಿಷು, ಮುಖದಲ್ಲಿ ನಗು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಾವು ಹೇಳಿದ್ದೂ ಅವರು ಕೇಳಿಸಿಕೊಂಡಿದ್ದೂ ಒಂದೇನಾ? ಅದನ್ನು ನೋಡಿಕೊಂಡರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಹೆಜ್ಜೆ 1: ‘ಆಯ್ತು’ ಜೊತೆ ಕೆಲಸ, ಹೊತ್ತು ಸೇರಿಸಿ

ನಮ್ಮ ಭಾಷೆಯಲ್ಲಿ ಒಂದು ತಮಾಷೆ ಇದೆ. ಇನ್ನೂ ಆಗದ್ದನ್ನು ಆಗಿಹೋದಂತೆ ಹೇಳುತ್ತೇವೆ. ಮನೆಯಲ್ಲಿ ಚಪ್ಪಲಿ ಹುಡುಕುತ್ತಲೇ ‘ಇಗೋ ಬಂದೆ’ ಅನ್ನುತ್ತೇವೆ. ‘ಆಯ್ತು’ ಅಂದರೆ ಒಪ್ಪಿದೆ ಅಂತಲೂ ಹೌದು, ಮುಗಿಯಿತು ಅಂತಲೂ ಹೌದು. ಅರೆಬರೆ ಕನ್ನಡ ಬರುವ ಸಹೋದ್ಯೋಗಿಗೆ ಎರಡನೆಯದೇ ಕೇಳಿಸುತ್ತದೆ. ‘ನೋಡೋಣ’ ಇನ್ನೂ ಅಪಾಯ. ಹೇಳಿದವರಿಗೆ ಅದು ‘ಆಗಲ್ಲ’, ಕೇಳಿದವರಿಗೆ ‘ಆಗಬಹುದು’.

ಹಾಗಂತ ‘ಆಯ್ತು’ ಬಿಡಬೇಕಿಲ್ಲ. ಬಾಲ ಸೇರಿಸಿದರೆ ಸಾಕು: ‘ಆಯ್ತು ಸಾರ್, ನಾಲ್ಕು ಗಂಟೆಗೆ ಹಾಕ್ತೀನಿ. ಆಗ ಒಟಿಪಿಗೆ ಫೋನ್ ಮಾಡ್ತೀನಿ.’ ಆಗದಿದ್ದರೆ ‘ಇವತ್ತು ಆಗಲ್ಲ, ಗುರುವಾರ ಬೆಳಗ್ಗೆ ಕೊಡ್ತೀನಿ’ ಅನ್ನಿ. ಹೊತ್ತು ಹೇಳುವಾಗ ‘ಸಂಜೆ’ ಅನ್ನಬೇಡಿ. ಸರ್ಕಾರಿ ಕಚೇರಿಯ ಸಂಜೆ ಬೇರೆ, ಸಾಫ್ಟ್‌ವೇರ್ ಕಂಪನಿಯ ಸಂಜೆ ಬೇರೆ.

ಹೆಜ್ಜೆ 2: ಕೇಳಿಸಿಕೊಂಡಿದ್ದನ್ನು ತಿರುಗಿ ಹೇಳಿ

ಇದನ್ನು ವಿಮಾನದವರಿಂದ ಕಲಿಯಬೇಕು. ಅವರು ಕಲಿತದ್ದು ಭಾರಿ ಬೆಲೆ ತೆತ್ತು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ದಟ್ಟ ಮಂಜು. ನೆದರ್‌ಲೆಂಡ್ಸ್‌ನ ಕೆಎಲ್‌ಎಂ ಕಂಪನಿಯ ವಿಮಾನ ರನ್‌ವೇ ಮೇಲೆ ಓಡಲು ಶುರು ಮಾಡಿತ್ತು. ಅದರ ಸಹ ಪೈಲಟ್ ರೇಡಿಯೋದಲ್ಲಿ ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಮಾತು ಹೇಳಿದ. ಹೊರಡಲು ಸಿದ್ಧವಾಗಿ ನಿಂತಿದ್ದಾರೆ ಅಂದುಕೊಂಡ, ವಿಮಾನಗಳಿಗೆ ಸೂಚನೆ ಕೊಡುವ ಟವರ್‌ನವರು ‘ಓಕೆ’ ಅಂದರು. ‘ಕಾಯಿರಿ, ನಾನು ಕರೆಯುತ್ತೇನೆ’ ಅಂತಲೂ ಸೇರಿಸಿದರು. ಅದೇ ಕ್ಷಣಕ್ಕೆ ಅಮೆರಿಕದ ಪ್ಯಾನ್ ಆಮ್ ಕಂಪನಿಯ ವಿಮಾನದವರೂ ಮಾತಾಡಿದ್ದರಿಂದ ರೇಡಿಯೋ ಕಿರುಗುಟ್ಟಿತು. ಕೆಎಲ್‌ಎಂನವರಿಗೆ ಸ್ಪಷ್ಟವಾಗಿ ಕೇಳಿಸಿದ್ದು ‘ಓಕೆ’ ಮಾತ್ರ. ಅದೇ ರನ್‌ವೇ ಮೇಲಿದ್ದ ಪ್ಯಾನ್ ಆಮ್ ವಿಮಾನಕ್ಕೆ ಕೆಎಲ್‌ಎಂ ವಿಮಾನ ಗುದ್ದಿತು. 583 ಜನ ಸತ್ತರು.

ಆಮೇಲೆ ನಿಯಮ ಬಿಗಿಯಾಯಿತು. ಸುಮ್ನೆ ‘ಓಕೆ’ ಅಂದರೆ ಸಾಲದು, ಸೂಚನೆಯ ಮುಖ್ಯ ಭಾಗವನ್ನು ಪೈಲಟ್ ತಿರುಗಿ ಹೇಳಬೇಕು. ‘ಟೇಕಾಫ್’ ಪದವನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಬಿಟ್ಟು ಬೇರೆಲ್ಲೂ ಬಳಸುವಂತಿಲ್ಲ.

ಆಫೀಸಿನಲ್ಲಿ ಗಿಳಿಪಾಠ ಬೇಡ. ಯಾರು, ಏನು, ಯಾವಾಗ ಅನ್ನುವ ಮೂರನ್ನು ನಿಮ್ಮ ಮಾತಿನಲ್ಲಿ ಹೇಳಿ: ‘ಸರಿ ಮೇಡಂ, ಹಳೇ ದರದಲ್ಲೇ ಕೊಟೇಶನ್, ಹುಬ್ಬಳ್ಳಿಯವರಿಗೆ ಮಾತ್ರ, ಬುಧವಾರದೊಳಗೆ. ಅಲ್ವಾ?’ ಹತ್ತು ಸೆಕೆಂಡ್ ಕೆಲಸ.

ಕೆಲಸ ಹೇಳುವ ಜಾಗದಲ್ಲಿ ನೀವಿದ್ದರೆ ‘ಅರ್ಥ ಆಯ್ತಾ?’ ಅಂತ ಮಾತ್ರ ಕೇಳಬೇಡಿ. ಅದಕ್ಕೆ ‘ಆಯ್ತು’ ಬಿಟ್ಟು ಬೇರೆ ಉತ್ತರ ಬಂದದ್ದನ್ನು ನಾನು ನೋಡಿಲ್ಲ. ‘ಮೊದಲು ಎಲ್ಲಿಂದ ಶುರು ಮಾಡ್ತೀರಿ?’ ಅಂತ ಕೇಳಿ. ಅರ್ಥವಾಗಿಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 3: ದೊಡ್ಡವರಿಗೆ ‘ಬೇಡ’ ಅನ್ನುವುದು

ಇದೇ ಕಷ್ಟದ್ದು. ‘ಸಾರ್, ಒಂದ್ಸಲ ನೋಡಬಹುದಿತ್ತೇನೋ...’ ಅಂತ ರಾಗ ಎಳೆದರೆ ಅದು ಯಾರಿಗೂ ಎಚ್ಚರಿಕೆಯಾಗಿ ಕೇಳಿಸುವುದಿಲ್ಲ. ಹೀಗೆ ಜೋಡಿಸಿಕೊಳ್ಳಿ: ಮೊದಲು ಕರೆಯಿರಿ, ಕಂಡಿದ್ದನ್ನು ಹೇಳಿ, ಅದರಿಂದ ಏನಾಗುತ್ತದೆ ಹೇಳಿ, ನಿಮ್ಮ ಸಲಹೆ ಮುಂದಿಡಿ, ಕೊನೆಗೆ ಉತ್ತರ ಕೇಳಿ. ‘ಸಾರ್, ಈ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ತಪ್ಪಿದೆ. ಹೀಗೇ ಕಳಿಸಿದರೆ ಅವರು ವಾಪಸ್ ಕಳಿಸ್ತಾರೆ, ದುಡ್ಡು ಬರೋದು ತಡ ಆಗುತ್ತೆ. ತಿದ್ದಿ ಮಧ್ಯಾಹ್ನ ಕಳಿಸ್ತೀನಿ. ಆಗಬಹುದಾ?’ ಇದರಲ್ಲಿ ಒರಟು ಒಂದಕ್ಷರವೂ ಇಲ್ಲ. ನಾಲ್ಕು ಜನರ ಮುಂದೆ ಹೇಳದೆ ಅವರ ಟೇಬಲ್ ಹತ್ತಿರ ಹೋಗಿ ಹೇಳಿದರೆ ಇನ್ನೂ ಒಳ್ಳೆಯದು.

ಆದರೆ ಹೇಳುವವರು ಎಷ್ಟು ನೆಟ್ಟಗೆ ಹೇಳಿದರೂ ಕೇಳುವವರು ಕೇಳಬೇಕಲ್ಲ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಉಳಿದವರು ಎಂಟೇ ಜನ. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಅಂತ ಸಹ ಪೈಲಟ್ ಮೂರು ಸಲ ಹೇಳಿದ್ದರು. ತನಿಖಾ ವರದಿಯಲ್ಲಿ ಅದು ದಾಖಲಾಗಿದೆ. ಹಾಗಾಗಿ ಈ ಹೆಜ್ಜೆಯ ದೊಡ್ಡ ಪಾಲು ಮ್ಯಾನೇಜರುಗಳದ್ದೇ. ಕಿರಿಯರೊಬ್ಬರು ‘ಬೇಡ’ ಅಂದಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ‘ಯಾಕೆ?’ ಅಂತ ಕೇಳಬೇಕು.

ಹೆಜ್ಜೆ 4: ಹೆಬ್ಬೆರಳಿನ ಅರ್ಥ ಮೊದಲೇ ಮಾತಾಡಿಕೊಳ್ಳಿ

ವಾಟ್ಸಾಪ್ ಗುಂಪಿನಲ್ಲಿ ಬರುವ ಹೆಬ್ಬೆರಳು ‘ನೋಡಿದೆ’ ಅಂತಲೋ, ‘ಮಾಡ್ತೀನಿ’ ಅಂತಲೋ? ನಿಮ್ಮ ತಂಡದಲ್ಲಿ ಒಂದೇ ಅರ್ಥ ಇಟ್ಟುಕೊಳ್ಳಿ. ಗುಂಪಿನಲ್ಲಿ ಕೆಲಸ ಹೇಳುವಾಗ ಹೆಸರು ಹಿಡಿದು ಹೇಳಿ. ‘ಯಾರಾದರೂ ಮಾಡಿ’ ಅಂದ ಕೆಲಸ ಯಾರೂ ಮಾಡಿರುವುದಿಲ್ಲ.

ಇಷ್ಟೆಲ್ಲ ಬರೆದ ನನ್ನ ಬಾಯಲ್ಲಿ ಇನ್ನೂ ‘ಆಯ್ತು’ ತಾನಾಗಿ ಬರುತ್ತದೆ. ಪಕ್ಕದ ಸೀಟಿನ ಮೇಡಂ ಬಿಡುವುದಿಲ್ಲ. ತಲೆಯೆತ್ತದೆಯೇ ಕೇಳುತ್ತಾರೆ: ‘ಆಗಿದೆಯೋ, ಆಗಬೇಕೋ?’ ಹೆಚ್ಚಿನ ಸಲ ‘ಆಗಬೇಕು’ ಅಂತಲೇ ಹೇಳಬೇಕಾಗುತ್ತದೆ.